ಸ್ವೀಡನ್ನಿನ ಗುಸ್ತಪ್ಪನವರು ಶಿವಾಧೀನರಾದ ಪ್ರಸಂಗ

ಕೆ. ಹೊಸಕೋಟೆಯ ದೇವೀರಪ್ಪನವರಿಗೆ ದೇವರು ಒಂದು ಹಿಟ್ಟಿನ ಮಿಲ್ಲು ಕೊಟ್ಟಿದ್ದ. ಕಂಡದ್ದನ್ನು ನಾಲ್ಕು ಜನಕ್ಕೆ ಹೇಳದೆ ಇರಲಾರದ ನಾಲಿಗೆಯನ್ನೂ ಕೊಟ್ಟಿದ್ದ. ಆದರೆ ಮಿಲ್ಲು ಓಡುವಾಗ ಆ ನಾಲಿಗೆ ಆಡಿದ ಮಾತು ಪಕ್ಕದಲ್ಲಿ ನಿಂತವನಿಗೂ ಕೇಳಿಸದ ಹಾಗೆ ಮಾಡಿದ್ದ. ಈ ಅನ್ಯಾಯವನ್ನು ಅವರು ಬಹಳ ವರ್ಷ ಸಹಿಸಿಕೊಂಡರು. ಕೊನೆಗೆ ಎರಡು ಸಾವಿರದ ಎರಡನೇ ಇಸವಿಯಲ್ಲಿ ಅವರ ಅಕ್ಕನ ಮಗ ಅಭಿಲಾಷ್ ಸಕಲೇಶಪುರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬ್ರೌಸಿಂಗ್ ಸೆಂಟರ್ ತೆರೆದ. ಮಿಲ್ಲಿನ ಬೆಲ್ಟು ತರಲು ಹೋದ ದೇವೀರಪ್ಪನವರು ಬಸ್ಸಿಗೆ ಹೊತ್ತಿದೆಯೆಂದು ಅಲ್ಲಿ ಹೋಗಿ ಕೂತರು. ಅಳಿಯ ಇಂಟರ್‌ನೆಟ್ ತೋರಿಸಿದ. ಅಂದಿನಿಂದ ಮಿಲ್ಲಿನ ಬೆಲ್ಟು ವಾರಕ್ಕೊಮ್ಮೆ ಸವೆಯತೊಡಗಿತು.

ಸಂತೆಯ ದಿನ ಬೆಳಿಗ್ಗೆ ಹೊರಟರೆ ಸಂಜೆ ಬರುವಾಗ ಅವರ ಕೈಚೀಲದಲ್ಲಿ ಸುರುಳಿ ಸುತ್ತಿದ ಪ್ರಿಂಟುಗಳಿರುತ್ತಿದ್ದವು. ಮರ ಹತ್ತಿ ಮೇಯುವ ಮೇಕೆಗಳು, ತಲೆಕೆಳಗಾಗಿ ಕಟ್ಟಿದ ಮನೆ, ಬಾಯಿ ತೆರೆದು ಹಲ್ಲುಜ್ಜಿಸಿಕೊಳ್ಳುವ ನೀರುಕುದುರೆ. ಅಭಿಲಾಷನ ಪ್ರಿಂಟರಿನಲ್ಲಿದ್ದದ್ದು ಕಪ್ಪು ಶಾಯಿ ಒಂದೇ ಆದ್ದರಿಂದ ಜಗತ್ತಿನ ಎಲ್ಲ ವಿಸ್ಮಯಗಳೂ ಮುಸ್ಸಂಜೆಯಲ್ಲಿ ನಡೆದಂತೆ ಕಾಣುತ್ತಿದ್ದವು. ಮೈದಾ ಅಂಟು ಕಲಸಿ ದೇವೀರಪ್ಪನವರು ಅವನ್ನು ಮಿಲ್ಲಿನ ಹೊರಗೋಡೆಗೆ ಅಂಟಿಸುವರು. ರಾಗಿ ಬೀಸಿಸಲು ಬಂದವರು ತಮ್ಮ ಸರದಿ ಬರುವವರೆಗೆ ಬೇರೆ ಗತಿಯಿಲ್ಲದೆ ಪ್ರಪಂಚವನ್ನು ತಿಳಿದುಕೊಳ್ಳುವರು. ಹೋಬಳಿಯಲ್ಲಿ ಜ್ಞಾನಪ್ರಸಾರ ಹೀಗೆ ನಡೆಯುತ್ತಿತ್ತು.

ಆ ಗೋಡೆಗೆ ಅದಕ್ಕೂ ಮುಂಚೆ ಇನ್ನೊಂದು ಕೆಲಸವಿತ್ತು, ಈಗಲೂ ಇತ್ತು. ಆ ಕಡೆ ಯಾರಾದರೂ ತೀರಿಕೊಂಡರೆ ಸತ್ತವರ ಫೋಟೊ ಹಾಕಿ, ಸುತ್ತ ಕಪ್ಪು ಅಂಚು ಕೊಟ್ಟು, ಶಿವಗಣಾರಾಧನೆಯ ಪತ್ರ ಅಚ್ಚು ಹಾಕಿಸಿ ಬಸ್‌ಶೆಲ್ಟರಿಗೂ ಹೋಟೆಲಿಗೂ ಹಿಟ್ಟಿನ ಮಿಲ್ಲಿಗೂ ಅಂಟಿಸುವುದು ರೂಢಿ. ಕಂಡವರು ಆ ಮನೆಗೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಮದುವೆಗೆ ಹೋಗದಿದ್ದರೆ ಜನ ಮರೆಯುತ್ತಾರೆ. ಸಾವಿನಲ್ಲಿ ಮಾತಾಡಿಸದಿದ್ದರೆ ಮೊಮ್ಮಕ್ಕಳ ಕಾಲದಲ್ಲೂ ಎತ್ತಿ ಆಡುತ್ತಾರೆ.

ಗುಸ್ತಾವ್ ಎಂಬುವರು ದೇವೀರಪ್ಪನವರಿಗೆ ಸಿಕ್ಕಿದ್ದು ಮುಂದಿನ ವರ್ಷದ ಯುಗಾದಿಯ ಹೊತ್ತಿಗೆ. ಸ್ವೀಡನ್ ದೇಶದ ಯಾವುದೋ ಹಳ್ಳಿಯ ಮುದುಕ. ಗಾಜಿನ ಮನೆಯಲ್ಲಿ ಕುಂಬಳಕಾಯಿ ಬೆಳೆದು, ಅದರ ಪಕ್ಕದಲ್ಲಿ ಕೂತು, ಫೋಟೊ ತೆಗೆಸಿ ಇಂಟರ್‌ನೆಟ್ಟಿಗೆ ಹಾಕಿದ್ದ. ಕಾಯಿಯ ಪಕ್ಕದಲ್ಲಿ ಆತ ಅಂಬೆಗಾಲಿಡುವ ಮಗುವಿನ ಹಾಗೆ ಕಾಣುತ್ತಿದ್ದ. ಬರಹ ಅಭಿಲಾಷನಿಗೂ ಅರ್ಥವಾಗಲಿಲ್ಲ.

"ಇದು ಇಂಗ್ಲಿಷಲ್ಲ ಮಾವ. ಸ್ವೀಡನ್ ಅಂತ ಐತೆ, ಹೆಸ್ರು ಗುಸ್ತಾವ್ ಅಂತ ಐತೆ. ಉಳಿದದ್ದು ಆ ದೇವ್ರಿಗೇ ಗೊತ್ತು" ಅಂದ.

ಆ ಕುಂಬಳಕಾಯಿ ಊರನ್ನು ಗೆದ್ದುಬಿಟ್ಟಿತು. ಮಿಲ್ಲಿನ ಎದುರುಮನೆಯ ನಾಗರತ್ನಮ್ಮ ಬಳ್ಳಿ ತರಕಾರಿಯ ವಿಷಯದಲ್ಲಿ ಹೋಬಳಿಗೇ ಕೊನೆಯ ಮಾತು ಹೇಳುವವರು. ಅವರು ರಾಗಿಯ ಡಬ್ಬ ಕೆಳಗಿಟ್ಟು ಬಹಳ ಹೊತ್ತು ನೋಡಿದರು. "ಯಾರ್ರೀ ದೇವೀರಪ್ನೋರೇ ಈ ಗುಸ್ತಪ್ಪ? ನಿಮ್ಗೇನಾಗ್ಬೇಕು?" ಎಂದು ಕೇಳಿದರು.

ಏನೂ ಆಗಬೇಕಿಲ್ಲ ಎಂದು ಹೇಳಬಹುದಿತ್ತು. ಆದರೆ ನಾಗರತ್ನಮ್ಮ ಅಷ್ಟು ಗೌರವದಿಂದ ಅವರ ಕಡೆ ನೋಡಿದ್ದು ಅದೇ ಮೊದಲು. "ಪರಿಚಯಸ್ಥರು" ಅಂದರು ದೇವೀರಪ್ಪ. ಮುಂದಿನ ತಿಂಗಳ ಹೊತ್ತಿಗೆ ಗುಸ್ತಪ್ಪನವರು ಸ್ನೇಹಿತರಾಗಿದ್ದರು. ಮಳೆಗಾಲ ಮುಗಿಯುವುದರೊಳಗೆ "ನಿಮ್ ಕಡೆ ಕಾಫಿ ಫಸಲು ಹೆಂಗೈತೆ ಅಂತ ಕೇಳ್ತಿದ್ರು ಗುಸ್ತಪ್ನೋರು" ಎನ್ನುವ ಮಟ್ಟಕ್ಕೆ ಬಳಕೆ ಬೆಳೆದಿತ್ತು. ಇದನ್ನು ಸುಳ್ಳು ಅನ್ನುವುದು ಸ್ವಲ್ಪ ಕಠಿಣವಾಗುತ್ತದೆ. ವಾರ ವಾರವೂ ಒಬ್ಬರ ಮುಖ ನೋಡುತ್ತ ಬಂದರೆ ಅವರು ಪರಿಚಯದವರೇ ಆಗಿಬಿಡುತ್ತಾರೆ. ಅವರು ನಮ್ಮ ಮುಖ ನೋಡಿಲ್ಲ ಎನ್ನುವುದು ಬೇರೆ ವಿಷಯ.

ಈ ನಡುವೆ ದೇವೀರಪ್ಪನವರ ಮನೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿಯೊಂದು ಕೂಡಿಬಂದಿತ್ತು. ಮಗಳು ಶಿವಲೀಲಾ ಆಲೂರಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಬಂದ ಗಂಡುಗಳನ್ನೆಲ್ಲ ಒಂದೊಂದು ಕಾರಣ ಹೇಳಿ ವಾಪಸು ಕಳಿಸಿದ್ದವಳು ಪಾಳ್ಯದ ರೇವಂತ್ ಬಂದಾಗ ಯಾರೂ ಹೇಳದೆ ಎದ್ದುಹೋಗಿ ಅವನಿಗೆ ಎರಡನೇ ಲೋಟ ಕಾಫಿ ತಂದುಕೊಟ್ಟಳು. ತಾಯಿ ಜಗದಾಂಬ ಅದನ್ನು ಕಂಡು ಆ ಕ್ಷಣವೇ ಮನೆದೇವರಿಗೆ ಹರಕೆ ಹೊತ್ತರು. ಆ ಕಡೆ ಒಪ್ಪಂದವೆನ್ನುವ ನಿಶ್ಚಿತಾರ್ಥದ ಶಾಸ್ತ್ರ ನವೆಂಬರಿನ ಒಂದು ಭಾನುವಾರಕ್ಕೆ ಗೊತ್ತಾಯಿತು.

ಭಯವಿದ್ದದ್ದು ಗಂಡಿನ ತಂದೆ ಗುಂಡಯ್ಯನವರದು ಮಾತ್ರ. ಅವರು ನಕ್ಕದ್ದನ್ನು ಪಾಳ್ಯದಲ್ಲಿ ಯಾರೂ ಕಂಡಿರಲಿಲ್ಲ. ಹಿರಿಮಗನಿಗೆ ಗೊತ್ತಾಗಿದ್ದ ಹೆಣ್ಣಿನ ಮನೆಯವರು ಅಜ್ಜಿ ಸತ್ತದ್ದನ್ನು ಮುಚ್ಚಿಟ್ಟು ಶಾಸ್ತ್ರ ಮುಗಿಸಲು ನೋಡಿದರೆಂದು, ಹಾಕಿದ್ದ ಎಲೆಯ ಮುಂದಿನಿಂದ ಎದ್ದುಬಂದ ಮನುಷ್ಯ ಅವರು. ಆ ಸಂಬಂಧ ಅಲ್ಲಿಗೇ ಮುರಿಯಿತು.

ಆ ಭಾನುವಾರದ ಹಿಂದಿನ ಸಂತೆಯಲ್ಲಿ ಶಾಸ್ತ್ರಕ್ಕೆ ಬೇಕಾದ ಸಾಮಾನು ಕಟ್ಟಿಸಿ ದೇವೀರಪ್ಪನವರು ಅಳಿಯನಲ್ಲಿಗೆ ಒಂದು ಗಳಿಗೆ ಹೋದರು. ಗುಸ್ತಪ್ಪನವರ ಪುಟ ಬದಲಾಗಿತ್ತು. ಕುಂಬಳಕಾಯಿಗಳು ಇರಲಿಲ್ಲ. ನಡುವೆ ಗುಸ್ತಪ್ಪನವರ ದೊಡ್ಡ ಮುಖ, ನಗುಮುಖ. ಸುತ್ತ ದಪ್ಪನೆಯ ಕಪ್ಪು ಅಂಚು. ಕೆಳಗೆ ನಾಲ್ಕು ಸಾಲು ಬರಹ.

"ಏನೋ ಇದು?" ಎಂದರು ದೇವೀರಪ್ಪ.

"ಹೊಸ ಡಿಸೈನು ಮಾವ. ಈಗ ಎಲ್ರೂ ಫ್ರೇಮ್ ಹಾಕ್ತಾರೆ" ಅಂದ ಅಭಿಲಾಷ್. ಅವನು ಕಂಪ್ಯೂಟರ್ ಕಲಿತವನು, ಅವನ ಮಾತನ್ನು ತೆಗೆದುಹಾಕುವಂತಿಲ್ಲ.

ಶುಕ್ರವಾರ ಬೆಳಿಗ್ಗೆ ಅದನ್ನು ಗೋಡೆಯ ನಟ್ಟನಡುವೆ ಅಂಟಿಸಿ ದೇವೀರಪ್ಪನವರು ಒಳಗೆ ಹೋಗಿ ಮಿಲ್ಲು ಹಚ್ಚಿದರು. ಆ ದಿನ ಜನ ಬಂದ ರೀತಿಯೇ ಬೇರೆಯಿತ್ತು. ಗೋಡೆಯ ಮುಂದೆ ನಿಲ್ಲುವರು, ತಲೆಯ ಮೇಲಿನ ಟವೆಲು ತೆಗೆಯುವರು, ಮಾತಿಲ್ಲದೆ ಒಳಗೆ ಬಂದು ರಾಗಿ ಇಟ್ಟು ಹೋಗುವರು. ಗುಸ್ತಪ್ಪನವರ ಮುಖದಲ್ಲಿ ಅಂಥ ಒಂದು ತೇಜಸ್ಸು ಇದೆ ಎಂದು ದೇವೀರಪ್ಪನವರು ಸಂತೋಷಪಟ್ಟರು. ಪಂಚಾಯ್ತಿ ಮೆಂಬರು ಹುಚ್ಚಣ್ಣ ಬಂದು ಅವರ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದ. ಮಿಲ್ಲಿನ ಸದ್ದಿನಲ್ಲಿ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು. ಮಗಳ ಒಪ್ಪಂದಕ್ಕೆ ಶುಭ ಕೋರುತ್ತಿದ್ದಾನೆಂದುಕೊಂಡು ಅವರು, "ಎಲ್ಲಾ ನಿಮ್ಮ ಆಶೀರ್ವಾದ!" ಎಂದು ಕೂಗಿ ಹೇಳಿದರು. ದುಃಖದಲ್ಲಿ ಮನುಷ್ಯನಿಗೆ ಮಾತಿನ ಮೇಲೆ ಹಿಡಿತ ತಪ್ಪುತ್ತದೆ ಎಂದು ಹುಚ್ಚಣ್ಣ ಕಣ್ಣೊರೆಸಿಕೊಂಡ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಜಗಲಿಯ ತುಂಬ ಜನ. ಒಳಗೆ ನಾಗರತ್ನಮ್ಮ ಜಗದಾಂಬನವರ ಭುಜ ಹಿಡಿದು ಅಳುತ್ತಿದ್ದರು.

"ಆ ಗಾತ್ರ ಕಾಯಿ ಬೆಳ್ದ ಕೈ ಕಣಕ್ಕಾ! ಈಗ ಆ ಬಳ್ಳಿಗೆ ನೀರು ಹಾಕೋರು ಯಾರು? ಮನ್ಸ ಸತ್ರೆ ಬಳ್ಳಿಗೆ ಗೊತ್ತಾಯ್ತದಾ?"

ಆ ಮನುಷ್ಯನ ಹೆಸರು ಬಿಟ್ಟರೆ ಬೇರೇನೂ ತಿಳಿಯದ ಜಗದಾಂಬನವರೂ ಅಳುತ್ತಿದ್ದರು. ಮನೆಗೆ ಬಂದವರು ಅಳುವಾಗ ಮನೆಯವರು ಸುಮ್ಮನೆ ಕೂರುವುದು ಮರ್ಯಾದೆಯಲ್ಲ.

ದೇವೀರಪ್ಪನವರಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, "ಅಯ್ಯೋ, ಅದು ಸಾವಿನ ಪತ್ರ ಅಲ್ಲ, ಡಿಸೈನು" ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹುಚ್ಚಣ್ಣ ಎದ್ದು ನಿಂತು, "ಫಾರಿನ್ನಲ್ಲಿ ಸ್ನೇಹಿತ್ರನ್ನ ಕಳ್ಕೊಂಡೋರು ನಮ್ ಹೋಬಳೀಲಿ ನೀವೊಬ್ರೇ ಕಣ್ರೀ ದೇವೀರಪ್ನೋರೇ. ಇಡೀ ತಾಲ್ಲೂಕಲ್ಲೂ ಇಲ್ವೇನೋ" ಅಂದ.

ತೆರೆದ ಬಾಯಿಯನ್ನು ದೇವೀರಪ್ಪನವರು ಹಾಗೆಯೇ ಮುಚ್ಚಿದರು. ನಾಳೆ ಬೆಳಿಗ್ಗೆ ಮೆಲ್ಲಗೆ ತಿಳಿಸಿದರಾಯಿತು, ಬಂದವರಿಗೆ ಈಗಲೇ ಯಾಕೆ ಮುಜುಗರ ಮಾಡುವುದು ಎಂದುಕೊಂಡರು. ನಾಗರತ್ನಮ್ಮನವರ ಮನೆಯಿಂದ ಅನ್ನ ಸಾರು ಬಂತು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ.

ಸಂಜೆ ಮಠದ ವೀರಯ್ಯನವರು ವಿಭೂತಿ ಗಟ್ಟಿ ಹಿಡಿದು ಬಂದರು. ಅವರದು ಶಾಸ್ತ್ರದ ಕಷ್ಟ. "ಲಿಂಗ ಕಟ್ಟಿದ್ರಾ ಗುಸ್ತಪ್ನೋರು?" ಎಂದು ಕೇಳಿದರು.

"ಇಲ್ಲ ಅಂತ ಕಾಣುತ್ತೆ ಬುದ್ಧಿ."

"ಹಂಗಾದ್ರೆ ಲಿಂಗೈಕ್ಯರಾದ್ರು ಅನ್ನಕ್ಕಾಗಲ್ಲ. ಸುಡ್ತಾರೋ, ಮಣ್ಣು ಮಾಡ್ತಾರೋ?"

"ಮಣ್ಣು ಮಾಡ್ತಾರೆ ಅನ್ಸುತ್ತೆ."

"ಹಾಂ, ನಮ್ಮಂಗೇ ಅನ್ನಿ" ಎಂದು ವೀರಯ್ಯನವರ ಮುಖ ತಿಳಿಯಾಯಿತು. ಕಣ್ಣು ಮುಚ್ಚಿ ಯೋಚಿಸಿದರು. "ಶಿವಾಧೀನರಾದ್ರು ಅಂದ್ಬುಡಿ. ಶಿವನ ಅಧೀನ ಅಲ್ದೇ ಇರೋದು ಸ್ವೀಡನ್ನಲ್ಲಾದ್ರೂ ಏನೈತೆ?"

ಧರ್ಮದ ತೊಡಕು ಹೀಗೆ ಬಗೆಹರಿದ ಮೇಲೆ ಉಳಿದದ್ದು ಸರ್ಕಾರದ ಪಾಲು. ಅದನ್ನು ಹುಚ್ಚಣ್ಣ ವಹಿಸಿಕೊಂಡ. ಶನಿವಾರ ಬೆಳಿಗ್ಗೆ ಬಸ್‌ಸ್ಟಾಪಿನ ಅಂಗಡಿಗಳೆಲ್ಲ ಅರ್ಧ ಬಾಗಿಲು ಎಳೆದವು. ಮಿಲ್ಲಿನ ಮುಂದೆ ಬೆಂಚು ಹಾಕಿ, ಗೋಡೆಯ ಮೇಲಿನ ಗುಸ್ತಪ್ಪನವರಿಗೆ ಸೇವಂತಿಗೆ ಹಾರ ತೂಗುಹಾಕಿ ಸಂತಾಪ ಸಭೆ ಮಾಡಿದರು. ನಿಜ ಹೇಳಬೇಕೆಂದು ಮನೆಯಿಂದ ಗಟ್ಟಿಮನಸ್ಸು ಮಾಡಿ ಬಂದಿದ್ದ ದೇವೀರಪ್ಪನವರನ್ನು ನಡುವಿನ ಬೆಂಚಿನಲ್ಲಿ ಕೂರಿಸಿದರು.

ಹುಚ್ಚಣ್ಣನ ಭಾಷಣ ದೊಡ್ಡದಿತ್ತು. "ಗುಸ್ತಪ್ನೋರು ರೈತ್ರು. ರೈತ್ರಿಗೆ ದೇಶ ಯಾವ್ದು? ಅವ್ರೂ ನಮ್ಮಂಗೇ ಮೋಡ ನೋಡಿ ನೋಡಿ ಕತ್ತು ನೋಯಿಸ್ಕೊಂಡೋರು. ಬೆಳ್ದಿದ್ನ ಸಂತೆಗೂ ಹಾಕ್ಲಿಲ್ಲ, ಮಂಡಿಗೂ ಹಾಕ್ಲಿಲ್ಲ. ನೋಡಿ ಸಂತೋಷಪಡ್ರಪ್ಪಾ ಅಂತ ಪ್ರಪಂಚಕ್ಕೆ ಹಾಕುದ್ರು. ಅಂಥೋರು ಇನ್ನು ಹುಟ್ಟಕ್ಕಿಲ್ಲ ಕಣ್ರೀ."

ಮಾತು ಅಲ್ಲಿಗೆ ಬಂದಾಗ ದೇವೀರಪ್ಪನವರಿಗೆ ನಿಜವಾಗಿ ಅಳು ಬಂತು. ತಮ್ಮ ಲೆಕ್ಕದಲ್ಲಿ ಸಾಯದೆ ಇರುವ ಒಬ್ಬ ಮುದುಕನಿಗಾಗಿ ಅವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ನೋಡಿದವರೂ ಅತ್ತರು. ಆಲೂರಿನ ಬಸ್ಸು ಬಂದು ನಿಂತಿತು. ಡ್ರೈವರು ವಿಷಯ ಕೇಳಿ ಇಂಜಿನ್ ಆಫ್ ಮಾಡಿದ. ಸುದ್ದಿ ಆ ಬಸ್ಸಿನಲ್ಲೇ ಕೂತು ಮುಂದಕ್ಕೆ ಪಾಳ್ಯದವರೆಗೂ ಹೋಯಿತು.

ಮಧ್ಯಾಹ್ನವಾಗುವ ಮೊದಲೇ ಒಂದು ಜೀಪು ದೇವೀರಪ್ಪನವರ ಮನೆಯ ಮುಂದೆ ನಿಂತಿತು. ಇಳಿದವರು ಗುಂಡಯ್ಯ. ಕೊಟ್ಟ ನೀರನ್ನು ಮುಟ್ಟಲಿಲ್ಲ, ಹಾಸಿದ ಚಾಪೆಯ ಮೇಲೆ ಕೂರಲಿಲ್ಲ.

"ನಿಮ್ಮನೇಲಿ ಸಾವಾಗೈತೆ. ಊರೆಲ್ಲ ಅಂಗಡಿ ಮುಚ್ಚೈತೆ. ನಾಳೆ ಒಪ್ಪಂದ ಇಟ್ಕೊಂಡಿರೋ ಬೀಗ್ರಿಗೆ ಬಸ್ಸಿನ ಡ್ರೈವರು ಬಂದು ಹೇಳ್ಬೇಕಾ?"

ಸುತ್ತ ನಿಂತವರು ತಲೆ ತಗ್ಗಿಸಿದರು. ದೇವೀರಪ್ಪನವರು ಗುಂಡಯ್ಯನವರನ್ನು ಕೊಟ್ಟಿಗೆಯ ಮೂಲೆಗೆ ಕರೆದುಕೊಂಡು ಹೋಗಿ, "ಸಾವಾಗಿಲ್ಲ ಕಣ್ರೀ" ಎಂದು ಮೆಲ್ಲಗೆ ಹೇಳಿದರು.

"ಏನಂದ್ರಿ?"

"ಗುಸ್ತಪ್ನೋರು ಚೆನ್ನಾಗವ್ರೆ. ಅದು ಡಿಸೈನು."

ಗುಂಡಯ್ಯನವರು ಅವರನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ಬೆಳಿಗ್ಗೆ ಸಭೇಲಿ ಅತ್ರಂತಲ್ಲ, ಯಾಕೆ?"

ದೇವೀರಪ್ಪನವರು ಹೆಗಲ ಟವೆಲು ತೆಗೆದು ಕೊಡವಿ ಮತ್ತೆ ಹಾಕಿಕೊಂಡರು.

"ಸತ್ತಿದ್ರೆ, ಸಾವು ಮುಚ್ಚಿಟ್ಟು ಶುಭ ಮಾಡಕ್ಕೆ ಹೊಂಟಿದ್ದೀರಿ. ಸಾಯ್ದಿದ್ರೆ, ಬದುಕಿರೋ ಮನ್ಸನ ಮುಂದೆ ಊರನ್ನೆಲ್ಲ ಕೂರ್ಸಿ ಅಳ್ಸಿದೀರಿ. ಎರಡ್ರಲ್ಲಿ ಯಾವ್ದು ಅಂತ ಹೇಳ್ಬುಡಿ. ಯಾವ್ದಾದ್ರೂ ನನ್ ಮಗನ್ಗೆ ಕಷ್ಟವೇ."

ಆ ದನಿ ಜಗಲಿಯವರೆಗೂ ಕೇಳಿಸಿ ಜಗದಾಂಬನವರು ಬಾಗಿಲಿನ ಹಿಂದಿನಿಂದಲೇ ಅಳತೊಡಗಿದರು. ಹಿಂದಿನ ದಿನದ ಅಳುವಿಗೂ ಇದಕ್ಕೂ ಇದ್ದ ವ್ಯತ್ಯಾಸ ನಾಗರತ್ನಮ್ಮನವರಿಗೆ ತಕ್ಷಣ ತಿಳಿಯಿತು. ಅವರು ಹೋಗಿ ಪಕ್ಕದಲ್ಲಿ ಸುಮ್ಮನೆ ನಿಂತರು. ದೇವೀರಪ್ಪನವರು ಮಗಳ ಮುಖವನ್ನೊಮ್ಮೆ ನೋಡಿದರು. ಶಿವಲೀಲಾ ಅಳುತ್ತಿರಲಿಲ್ಲ. ಒಪ್ಪಂದಕ್ಕೆಂದು ತಂದ ಹಸಿರು ಸೀರೆಯ ಪೊಟ್ಟಣವನ್ನು ಯಾರೋ ಜಗಲಿಯ ಮೇಲೆ ಬಿಟ್ಟಿದ್ದರು. ಅದನ್ನು ಎತ್ತಿ ಒಳಗಿಟ್ಟು ಬಂದು ನಿಂತಳು.

"ಅಪ್ಪಾ, ಆ ಕಾಗದದ ಕೆಳಗೆ ಒಂದು ಫೋನ್ ನಂಬರ್ ಇದೆ. ಫೋನ್ ಮಾಡಿ ಕೇಳಿದ್ರೆ ಆಯ್ತಲ್ಲ" ಅಂದಳು.

ಇಷ್ಟು ಸುಲಭದ ವಿಷಯ ಇಡೀ ಹೋಬಳಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸಾವಿನ ಮನೆಗೆ ಫೋನು ಮಾಡಿ ಸತ್ತಿದ್ದೀರಾ ಎಂದು ಕೇಳುವ ಪದ್ಧತಿ ಅಲ್ಲಿ ಇರಲಿಲ್ಲ.

ಹೊರದೇಶಕ್ಕೆ ಫೋನು ಹೋಗುತ್ತಿದ್ದದ್ದು ಸಕಲೇಶಪುರದ ಬೂತಿನಿಂದ ಮಾತ್ರ. ಗುಂಡಯ್ಯನವರ ಜೀಪಿನಲ್ಲಿ ಮುಂದೆ ಗುಂಡಯ್ಯ. ಹಿಂದೆ ದೇವೀರಪ್ಪ, ಶಿವಲೀಲಾ, ಶಾಸ್ತ್ರದ ಅಭಿಪ್ರಾಯ ಬೇಕಾದೀತೆಂದು ವೀರಯ್ಯನವರು, ಪಂಚಾಯ್ತಿಯ ಪರವಾಗಿ ಹುಚ್ಚಣ್ಣ, ತನ್ನನ್ನು ಬಿಟ್ಟು ಹೋಗುವುದು ಹೇಗೆಂದು ನಾಗರತ್ನಮ್ಮ. ದಾರಿಯುದ್ದಕ್ಕೂ ದೇವೀರಪ್ಪನವರು ತುಟಿಯೊಳಗೇ, "ಬದುಕಿರಪ್ಪಾ ಗುಸ್ತಪ್ಪಾ, ನಿನ್ ದಮ್ಮಯ್ಯ, ನನ್ ಮಗಳಿಗೋಸ್ಕರ ಬದುಕಿರಪ್ಪಾ" ಎಂದು ಬೇಡಿಕೊಳ್ಳುತ್ತ ಬಂದರು. ತಮ್ಮ ದೇವರಿಗೂ ಅವರು ಅಷ್ಟು ಭಕ್ತಿಯಿಂದ ಬೇಡಿಕೊಂಡದ್ದಿಲ್ಲ.

ಬೂತಿನ ಗಾಜಿನ ಕೋಣೆಯಲ್ಲಿ ಒಬ್ಬರು ನಿಲ್ಲುವಷ್ಟೇ ಜಾಗ. ಶಿವಲೀಲಾ ಒಳಗೆ ಹೋದಳು. ಉಳಿದವರು ಗಾಜಿಗೆ ಮುಖ ಒತ್ತಿಕೊಂಡು ನಿಂತರು. ಅವಳು ನಂಬರು ಒತ್ತಿದಳು, ಕಾದಳು. ತುಟಿ ಅಲ್ಲಾಡಿತು. ಮತ್ತೆ ಕಾದಳು. ಆಮೇಲೆ ಬಹಳ ಹೊತ್ತು ಬರೀ ಕೇಳಿಸಿಕೊಂಡಳು. ನಿಂತಿದ್ದವಳು ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಒಮ್ಮೆ ಸೆರಗಿನಿಂದ ಕಣ್ಣು ಒತ್ತಿಕೊಂಡದ್ದನ್ನು ನಾಗರತ್ನಮ್ಮ ಕಂಡರು. "ಯಾಕೋ ಸರಿಯಿಲ್ಲ" ಅಂದರು.

ಶಿವಲೀಲಾ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಹೊರಗೆ ಬಂದಳು. ಆ ಐದು ಜನರಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಬದುಕಿದ್ದಾರೆ ಎಂದು ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾಳೆಯ ಶಾಸ್ತ್ರ ನಡೆಯುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಅವಳ ಅಪ್ಪನಿಗೂ ಗೊತ್ತಿತ್ತು. ಅವರು ಕಣ್ಣಿನಲ್ಲೇ ಅಂಗಲಾಚಿದರು.

"ಹೋಗ್ಬಿಟ್ಟಿದ್ದಾರೆ" ಅಂದಳು ಶಿವಲೀಲಾ. "ಹೋದ ವಾರವೇ. ಅದು ಸಾವಿನ ಕಾಗದವೇ ಅಪ್ಪಾ. ನಮ್ಮ ಊರಿನವರು ಸರಿಯಾಗೇ ಓದಿದ್ರು. ನಿಮಗೊಬ್ಬರಿಗೇ ಗೊತ್ತಾಗ್ಲಿಲ್ಲ."

ಬೂತಿನ ಮೀಟರಿನ ಕೆಂಪು ಅಂಕಿಗಳು ಓಡುತ್ತಲೇ ಇದ್ದವು.

"ಅವರ ಹೆಂಡತಿ ಮಾತಾಡಿದ್ರು. ನಂದೂ ಅವರದೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಅದಕ್ಕೇ ಒಬ್ಬರದೊಬ್ಬರಿಗೆ ಅರ್ಥ ಆಯ್ತು. ಮಕ್ಕಳಿಲ್ಲ. ಊರಾಚೆ ಒಂಟಿ ಮನೆ. ಮಣ್ಣಿಗೆ ಪಾದ್ರಿ ಬಂದಿದ್ರಂತೆ, ಪೋಸ್ಟ್‌ಮ್ಯಾನ್ ಬಂದಿದ್ನಂತೆ. ಅಷ್ಟೇ ಜನ. ನಿಮ್ಮ ಯಜಮಾನರಿಗೆ ನಮ್ಮೂರಲ್ಲಿ ಅಂಗಡಿ ಮುಚ್ಚಿ ಸಭೆ ಮಾಡಿದ್ರು ಅಂದೆ. ನಾನು ತಮಾಷೆ ಮಾಡ್ತಿದ್ದೀನಿ ಅಂದ್ಕೊಂಡ್ರು. ಹಾರ ಹಾಕಿದ್ರು ಅಂದೆ. ಆಮೇಲೆ ಅಳೋಕೆ ಶುರು ಮಾಡಿದ್ರು. ನೀವೆಲ್ಲ ಅವನಿಗೆ ಏನಾಗಬೇಕು ಅಂತ ಕೇಳಿದ್ರು."

"ನೀನೇನಂದೆ?" ಎಂದು ಕೇಳಿದವರು ಗುಂಡಯ್ಯ.

"ನಮ್ಮಪ್ಪನ ಸ್ನೇಹಿತರು ಅಂದೆ."

ದೇವೀರಪ್ಪನವರಿಂದ ಅದನ್ನು ತಡೆದುಕೊಳ್ಳಲಾಗಲಿಲ್ಲ. ಬೂತಿನ ಮೆಟ್ಟಿಲ ಮೇಲೆ ಕುಸಿದು ಕೂತರು. "ಸುಳ್ಳು ಕಣ್ರಪ್ಪಾ!" ಎಂದು ಕೂಗಿದರು. "ನಾನು ಆ ಪುಣ್ಯಾತ್ಮನ ಜೊತೆ ಒಂದು ಮಾತಾಡಿಲ್ಲ. ಕಾಫಿ ಫಸಲು ಕೇಳಿದ್ರು ಅಂದಿದ್ದೂ ಸುಳ್ಳು. ನಾನ್ಯಾರು ಅಂತ ಅವ್ರಿಗೆ ಗೊತ್ತೇ ಇರ್ಲಿಲ್ಲ. ಜನ ನನ್ ಮಾತ್ನ ಕಿವಿ ಕೊಟ್ಟು ಕೇಳ್ತಾರೆ ಅಂತ ಜಂಬಕ್ಕೆ ಹೇಳ್ದೆ. ಈಗ ನನ್ ಮಗಳ ಬಾಯಲ್ಲೂ ಅದೇ ಸುಳ್ಳು ಹೇಳ್ಸಿದೆ."

ಹುಚ್ಚಣ್ಣನಿಗೆ ತನ್ನ ಭಾಷಣ ನೆನಪಾಗಿ ಮುಖ ಚಿಕ್ಕದಾಯಿತು. ನಾಗರತ್ನಮ್ಮ, "ಥೂ, ಇಂಥಾ ಮನ್ಸ!" ಅಂದರು. ವೀರಯ್ಯನವರು ಮಾತ್ರ ಇದರಲ್ಲಿ ಶಾಸ್ತ್ರದ ಪ್ರಶ್ನೆ ಏನೂ ಇಲ್ಲದ್ದರಿಂದ ಸುಮ್ಮನಿದ್ದರು.

ಗುಂಡಯ್ಯನವರು ಗಾಜಿನ ಕೋಣೆಯ ಕಡೆ ತಿರುಗಿದರು.

"ಆಯಮ್ಮ ಇನ್ನೂ ಫೋನಲ್ಲೇ ಅವ್ರಾ?"

"ಹೂಂ. ಸ್ವಲ್ಪ ಇರಿ, ನಮ್ಮ ಮನೆಯವರಿಗೆ ಹೇಳಿ ಬರ್ತೀನಿ ಅಂದೆ. ಕಾಯ್ತೀನಿ ಅಂದ್ರು."

ಗುಂಡಯ್ಯನವರು ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು ಬಾಗಿಲು ತಳ್ಳಿದರು.

"ಮಾವ, ನಿಮಗೆ ಇಂಗ್ಲಿಷ್..." ಎಂದು ಶಿವಲೀಲಾ ಅನುಮಾನಿಸಿದಳು. ಮಾವ ಎಂಬ ಮಾತು ತಾನಾಗಿ ಬಾಯಿಗೆ ಬಂದದ್ದು ಅವಳಿಗೇ ಆಮೇಲೆ ತಿಳಿಯಿತು.

"ಸಾವು ನಿಜ ತಾನೇ? ಗೊತ್ತಾದ್ಮೇಲೆ ಮಾತಾಡಿಸ್ದೆ ಹೋಗಕ್ಕಾಯ್ತದಾ?" ಎಂದು ಗುಂಡಯ್ಯನವರು ಒಳಗೆ ಹೋದರು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಎಲ್ಲರಿಗೂ ಕೇಳಿಸಿತು.

"ತಾಯೀ, ನಾನು ಪಾಳ್ಯದ ಗುಂಡಯ್ಯ. ನಿಮ್ ಯಜಮಾನ್ರು ಹೋಗ್ಬುಟ್ರು ಅಂತ ಈಗ ಗೊತ್ತಾಯ್ತು. ಧೈರ್ಯ ತಗೋಬೇಕು ತಾಯೀ. ನಂ ಮನೆಯೋಳೂ ಹೋಗಿ ಆರು ವರ್ಷ ಆಯ್ತು. ಮೊದಮೊದ್ಲು ಕಷ್ಟ. ಹೊತ್ತೊತ್ಗೆ ಉಣ್ಣಿ."

ಅಷ್ಟು ಹೇಳಿ ರಿಸೀವರನ್ನು ಕಿವಿಗೆ ಒತ್ತಿಕೊಂಡು, ಆ ಕಡೆಯ ಮಾತು ಮುಗಿಯುವವರೆಗೂ ತಲೆ ತಗ್ಗಿಸಿ ನಿಂತಿದ್ದರು. ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ದೇವೀರಪ್ಪನವರ ಕಡೆ ತಿರುಗಿ ಎಂದಿನ ಗಡಸು ದನಿಯಲ್ಲೇ ಮಾತಾಡಿದರು.

"ನಿಮ್ ಜಂಬದ ವಿಷ್ಯ ನಾವು ಬೀಗ್ರಾದ್ಮೇಲೆ ನಿಧಾನಕ್ಕೆ ಮಾತಾಡನ. ನಾಳೆ ಗಣಾರಾಧನೆ ಇಟ್ಕೊಳಿ, ನಮ್ಮನೆ ಪಾತ್ರೆ ಕಳಿಸ್ತೀನಿ. ಅದು ಮುಗುದ್ಮೇಲೆ ಒಪ್ಪಂದ. ನಿಮ್ ಮಗಳು ಇವತ್ತು ಒಂದು ಸುಳ್ಳು ಹೇಳಿದ್ರೆ ಅವಳ ಕೆಲ್ಸ ಆಯ್ತಿತ್ತು. ಹೇಳ್ಲಿಲ್ಲ. ಆ ಹುಡ್ಗಿ ನಂ ಮನೆಗೆ ಬೇಕು."

ಶಿವಲೀಲಾ ಮುಖ ಆ ಕಡೆ ತಿರುಗಿಸಿಕೊಂಡಳು. ಇಷ್ಟು ಹೊತ್ತು ತಡೆದಿದ್ದ ಅಳು ಅವಳಿಗೆ ಈಗ ಬಂತು.

ವೀರಯ್ಯನವರು, "ನಾಳೆಗೇ ಮಾಡ್ಬೋದು, ಅಡ್ಡಿಯಿಲ್ಲ" ಎಂದು ಅಪ್ಪಣೆ ಕೊಟ್ಟು ಒಳಗೆ ಹೋಗಿ ಫೋನಿನಲ್ಲಿ ಒಂದು ಮಂತ್ರ ಹೇಳಿದರು. ಹುಚ್ಚಣ್ಣ ಪಂಚಾಯ್ತಿಯ ಪರವಾಗಿ ಎರಡು ಮಾತು ಆಡಿದ. ಅವನ ಜೀವನದಲ್ಲೇ ಚಿಕ್ಕ ಭಾಷಣ ಅದು. ನಾಗರತ್ನಮ್ಮ, "ಬಳ್ಳಿಗೆ ಬೂದಿ ಗೊಬ್ಬರ ಹಾಕಿ, ಗಂಡನ ಕೈ ಬೆಳೆ ಒಣಗಕ್ಕೆ ಬಿಡ್ಬೇಡಿ" ಎಂದು ಗಟ್ಟಿಯಾಗಿ ಹೇಳಿ, ಸ್ವೀಡನ್ ದೂರವಿದೆಯೆಂದು ಇನ್ನೊಮ್ಮೆ ಇನ್ನೂ ಗಟ್ಟಿಯಾಗಿ ಹೇಳಿದರು. ಪಕ್ಕದ ಬೇಕರಿಗೆ ಬಂದಿದ್ದ ಯಾರೋ ಇಬ್ಬರು ಏನು ವಿಷಯ ಎಂದು ಕೇಳಿ, ತಿಳಿದುಕೊಂಡು, ಅವರೂ ಬಂದು ಹಿಂದೆ ನಿಂತರು.

ದೇವೀರಪ್ಪನವರು ಮೆಟ್ಟಿಲಿನಿಂದ ಎದ್ದಿರಲಿಲ್ಲ. "ನನ್ಗೆ ಮುಖ ಇಲ್ಲ ಕಣಮ್ಮ" ಅಂದರು.

"ಅವರಿಗೆ ನಿಮ್ಮ ಮುಖ ಕಾಣಿಸಲ್ಲ ಅಪ್ಪಾ, ಹೋಗಿ" ಎಂದು ಶಿವಲೀಲಾ ಕೈ ಹಿಡಿದು ಎಬ್ಬಿಸಿದಳು.

ಒಳಗೆ ಹೋಗಿ ಅವರು ರಿಸೀವರು ಹಿಡಿದರು. ಊರಿಗೆಲ್ಲ ಹೇಳುವ ನಾಲಿಗೆ ಒಂದು ಮಾತಿಗೂ ಹೊರಳಲಿಲ್ಲ. ಆ ಕಡೆಯಿಂದ ಒಬ್ಬ ಮುದುಕಿಯ ಉಸಿರಾಟ ಮಾತ್ರ ಕೇಳಿಸುತ್ತಿತ್ತು. ಇಷ್ಟು ದಿನದಲ್ಲಿ ಗುಸ್ತಪ್ಪನವರ ಮನೆಯಿಂದ ಅವರಿಗೆ ಬಂದ ಮೊದಲ ಸದ್ದು ಅದೇ.

"ತಾಯೀ, ನಾನು ದೇವೀರಪ್ಪ" ಅಂದರು ಕೊನೆಗೆ. "ನಿಮ್ ಯಜಮಾನ್ರು ನನ್ ಸ್ನೇಹಿತ್ರು ಅಂತ ಊರ್ಗೆಲ್ಲ ಹೇಳಿದ್ದೆ. ಅವ್ರನ್ನ ಒಂದ್ಮಾತು ಕೇಳಿರ್ಲಿಲ್ಲ. ತಪ್ಪಾಯ್ತು. ಅವ್ರ ಮುಖ ಕಂಡ್ರೆ ನನ್ಗೆ ಇಷ್ಟ ಆಗ್ತಿತ್ತು, ಅದೊಂದು ಮಾತ್ರ ಸುಳ್ಳಲ್ಲ."

ಆಯಮ್ಮ ಏನೋ ಹೇಳತೊಡಗಿದಳು. ಅದು ಇಂಗ್ಲಿಷೂ ಆಗಿರಲಿಲ್ಲ, ಅವಳದೇ ಭಾಷೆ. ನಡುನಡುವೆ ಗುಸ್ತಾವ್ ಎಂಬುದೊಂದೇ ತಿಳಿಯುತ್ತಿತ್ತು. ದೇವೀರಪ್ಪನವರು ಸ್ಟೂಲಿನ ಮೇಲೆ ಕೂತುಕೊಂಡು ಪ್ರತಿ ಸಲವೂ, "ಹೂಂ ತಾಯೀ. ಹೂಂ" ಎನ್ನುತ್ತ ಕೇಳಿಸಿಕೊಂಡರು. ಅವಳ ಮಾತು ಬೇಗ ಮುಗಿಯಲಿಲ್ಲ. ಹೊರಗೆ ಸಾಲಿನಲ್ಲಿ ನಿಂತವರು ಯಾರೂ ಅವರಿಗೆ ಬೇಗ ಬಾ ಅನ್ನಲಿಲ್ಲ.